ತಪ್ಪು ಊರಿಗೆ ಹೋದ ಅರ್ಜಿ

ಅರ್ಜಿ ತಾತನ ಬಲಗೈಯ ನಡುಬೆರಳಲ್ಲಿ ಹುಣಸೆ ಬೀಜದಷ್ಟು ದಪ್ಪದ ಗಂಟೊಂದಿತ್ತು. ಲೇಖನಿ ಒತ್ತಿ ಒತ್ತಿ ಎದ್ದದ್ದು. ಶಾಯಿ ಕುಡಿದು ನೀಲಿಯಾಗಿತ್ತು. ಆದೋನಿ ಕೋರ್ಟಿನ ಎದುರು ಬೇವಿನ ಮರದಡಿ ಚಾಪೆ ಹಾಸಿ, ಸುತ್ತಲಿನ ಹಳ್ಳಿಗಳ ಸಮಸ್ತ ದುಃಖವನ್ನೂ ಅವರು ಘನ ಸರ್ಕಾರದ ಪಾದಾರವಿಂದಗಳಿಗೆ ಅರ್ಪಿಸುತ್ತಿದ್ದರು. ಆ ಪಾದಗಳು ಅಲುಗಾಡಿದ್ದನ್ನು ನಾನು ಕಾಣೆ.

ತಾತನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಇಂಗ್ಲಿಷ್ ಶಿರೋನಾಮೆ ಮಾತ್ರ ಬರೆಯಲು ಬರುತ್ತಿತ್ತು, ಓದಲು ಅಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲಿ, ‘ಮದ್ರಾಸಿನ ಘನತೆವೆತ್ತ ಗವರ್ನರರ ಸನ್ನಿಧಾನಕ್ಕೆ’ ಎಂಬುದನ್ನು ಮುತ್ತು ಪೋಣಿಸಿದಂತೆ ಹಾಳೆ ಹಾಳೆಗೆ ಬರೆದು ಟ್ರಂಕಿನಲ್ಲಿಡುತ್ತಿದ್ದರು. ಅದರ ಕೆಳಗೆ ಸಂಕಟವನ್ನು ಇಂಗ್ಲಿಷಿನಲ್ಲಿ ತುಂಬುವುದು ಶಾಲಾ ಮಾಸ್ತರನಾದ ನನ್ನ ಸೇವೆ.

“ತಲಿ ನಂದು, ಮೈ ನಿಂದು, ಮಾಸ್ತರ,” ಎನ್ನುತ್ತಿದ್ದರು.

ನಮ್ಮ ತಾಲೂಕು ಮದ್ರಾಸನ್ನು ಬಿಟ್ಟು, ಕರ್ನೂಲು ರಾಜಧಾನಿಯಾದ ಹೊಸ ಆಂಧ್ರಕ್ಕೆ ಸೇರಿ ಕೆಲವು ತಿಂಗಳಾಗಿತ್ತು. ಹೊಳಗುಂದದ ಕಡೆಯ ಕುರಿಗಾರರ ಹೆಣ್ಣುಮಗಳೊಬ್ಬಳು ಬಂದಳು. ಕುರಿ ಹೊಲ ಹೊಕ್ಕ ಜಗಳದಲ್ಲಿ ಆಕೆಯ ಗಂಡ ಕೊಡಲಿ ಬೀಸಿ, ಹೊಲದವನು ಸತ್ತಿದ್ದ. ಗಲ್ಲು ಕಾಯಂ ಆಗಿತ್ತು. ಗಂಡ ಜೈಲಿನಿಂದ ಹಾಕಿದ್ದ ಕ್ಷಮಾದಾನದ ಅರ್ಜಿ ವಜಾ ಆಗಿತ್ತು. ಉಳಿದದ್ದು ಈಕೆಯ ಅರ್ಜಿಯೊಂದೇ.

“ಒಂದು ಸಿಟ್ಟಿಗೆ ಎರಡು ಹೆಣ ಬ್ಯಾಡ ಅಂತ ಬರೀರಿ ತಾತ.”

“ಅಷ್ಟು ಚಂದ ಬರದ್ರ ಸರ್ಕಾರ ನಂಬೂದಿಲ್ಲವ್ವ. ಅದಕ್ಕ ಸಂಕಟ ಉದ್ದಕ ಇರಬೇಕು.”

ತಾತ ಟ್ರಂಕಿನಿಂದ ಹಾಳೆ ತೆಗೆದುಕೊಟ್ಟರು. ನಾನು ಉದ್ದಕ್ಕೇ ಬರೆದೆ. ಆಕೆ ಹೆಬ್ಬೆಟ್ಟು ಒತ್ತಿದಳು.

ಗಲ್ಲಾಗಿ ನಾಲ್ಕು ದಿನಕ್ಕೆ ಲಕೋಟೆ ಮದ್ರಾಸಿನಿಂದ ಹಿಂದಿರುಗಿತು. ಆ ಸೀಮೆ ತಮಗೆ ಸೇರಿದ್ದಲ್ಲವೆಂದು ವಿನಯದಿಂದ ತಿಳಿಸಿದ್ದರು. ಗಂಡನ ಪಂಚೆ, ಕಂಬಳಿಗಳ ಗಂಟು ಹೊತ್ತು ಜೈಲಿನಿಂದ ಬಂದ ಆಕೆ ನೇರ ಬೇವಿನ ಮರಕ್ಕೇ ಬಂದಳು.

“ಅವರು ಓದಿದ್ರೇನ್ರಿ ತಾತ?”

ಸುಳ್ಳು ಹೇಳಬಹುದಿತ್ತು. ತಾತ ಹೇಳಲಿಲ್ಲ. “ಇಲ್ಲವ್ವ. ಹಳೇ ಹಾಳಿ. ತಪ್ಪು ಊರಿಗೆ ಹಾಕಿಬಿಟ್ಟೆ.”

ಆಕೆ ಆ ಲಕೋಟೆಯನ್ನು ಹಿಂದೆ ಮುಂದೆ ತಿರುವಿ ನೋಡಿದಳು. “ಹಂಗಾರ ನನಗ ಆಗೂದಿಲ್ಲ ಅಂತ ಯಾರೂ ಅನ್ಲೇ ಇಲ್ಲ,” ಎಂದು ಗಂಟು ಎತ್ತಿಕೊಂಡು ಹೋದಳು.

ತಾತ ಟ್ರಂಕಿನ ಹಾಳೆಗಳನ್ನೆಲ್ಲ ಅಲ್ಲೇ ಸುಟ್ಟರು. ಮತ್ತೆ ಶಿರೋನಾಮೆ ಬರೆಯಲಿಲ್ಲ. “ಮದ್ರಾಸಿನಾಗೂ ಅದೇ ಪಕ್ಷ, ಕರ್ನೂಲಿನಾಗೂ ಅದೇ, ದಿಲ್ಲಿಯಾಗೂ ಅದೇ. ಒಂದೇ ಮನಿ ಮಂದಿ, ಮಾಸ್ತರ. ಒಂದು ಲಕೋಟಿ ಆ ಕೈಲಿಂದ ಈ ಕೈಗೆ ಕೊಡಾಕ ಆಗಲಿಲ್ಲಲ್ಲ!” ಎಂದವರು, ತಮ್ಮ ನೀಲಿ ಬೆರಳನ್ನು ನೋಡಿಕೊಂಡು, “ಆ ಕೈ ಬಿಡು, ನನ್ನ ಕೈ ಏನು ಮಾಡ್ತು?” ಎಂದರು.

ಅಂದಿನಿಂದ ವರ್ಷಕ್ಕೊಮ್ಮೆ ಗಲ್ಲು ಶಿಕ್ಷೆಯನ್ನೇ ತೆಗೆಯಬೇಕೆಂದು ದಿಲ್ಲಿಗೆ ನನ್ನಿಂದ ಅರ್ಜಿ ಬರೆಸುತ್ತಿದ್ದರು. ಪ್ರತಿ ವರ್ಷವೂ ‘ಪರಿಶೀಲನೆಯಲ್ಲಿದೆ’ ಎಂಬ ಕಾಗದ ಬರುತ್ತಿತ್ತು. ಪಾರ್ಲಿಮೆಂಟಿನಲ್ಲಿ ಯಾರೋ ಆ ಮಾತೆತ್ತಿ ಸೋತರೆಂದು ಪತ್ರಿಕೆ ಓದಿ ಹೇಳಿದಾಗ, “ಸೋತ್ರೂ ಸರಿಯಾದ ಊರಾಗ ಸೋತ್ರು,” ಎಂದರು.

ತಾತ ಮುಂದಿನ ಅರ್ಜಿಗೆ ಮೊದಲೇ ತೀರಿಕೊಂಡರು. ಶವಕ್ಕೆ ಸ್ನಾನ ಮಾಡಿಸಿದವರು ಎಷ್ಟು ತಿಕ್ಕಿದರೂ ಬೆರಳಿನ ನೀಲಿ ಹೋಗಲಿಲ್ಲ. ನನ್ನ ಬೆರಳಿನಲ್ಲಿ ಅಂಥ ಗುರುತೇನೂ ಇಲ್ಲ. ತಪ್ಪು ತಮ್ಮೊಬ್ಬರದೇ ಎಂದು ಅವರು ಆಕೆಗೆ ಹೇಳಿದಾಗ ನಾನು ಪಕ್ಕದಲ್ಲೇ ಕುಳಿತಿದ್ದೆ. ಆ ಶಿರೋನಾಮೆಯನ್ನು ಓದಬಲ್ಲವನು ಅಲ್ಲಿ ನಾನೊಬ್ಬನೇ ಇದ್ದೆ.