ಮಾತಾಡದವರನ್ನು ತೆಗೆದ ಸಂಜೆ

ಮಂಗಳವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ನಾನು ಉಟಗಿಯ ಒಂದು ಗೋಠಾದೊಳಗೆ ತಲೆ ಬಗ್ಗಿಸಿ ಕಾಲಿಟ್ಟಾಗ, ಹೆಂಗಸೊಬ್ಬಳ ಬಲಗೈ ಮೊಳಕೈವರೆಗೂ ಎಮ್ಮೆಯ ಬಾಯೊಳಗಿತ್ತು. ಕೊಟ್ಟಿಗೆಗೆ ಇಲ್ಲಿ ಗೋಠಾ ಎನ್ನುತ್ತಾರೆ. ಒಳಗೆ ಕತ್ತಲೆ. ಟಾರ್ಚ್ ಹಚ್ಚಲು ಫೋನ್ ತೆಗೆದಾಗ ಹೊತ್ತು ಕಣ್ಣಿಗೆ ಬಿತ್ತು. ಈಗಲೂ ಫೋನ್ ಮೇಲೆ ಮೂರು ಗಂಟೆ ಹತ್ತು ನಿಮಿಷ ಕಂಡರೆ ಅದನ್ನು ಮಗುಚಿ ಇಡುತ್ತೇನೆ.

"ಏನೂ ಸಿಗವಲ್ದ್ರಿ ಬಾಯಾರ," ಎಂದಳು ಆಕೆ, ತಿರುಗಿ ನೋಡದೆ. ಡಾಕ್ಟರಮ್ಮನಿಗೆ ಇಲ್ಲಿ ಬಾಯಾರು ಎನ್ನುತ್ತಾರೆ. "ಗಂಟಲದಾಗ ಕಣಕಿ ಸಿಕ್ಕಿರಬೇಕಂತ ಮಾಡಿದ್ದೆ."

ಎಮ್ಮೆಯ ಬಾಯಿಂದ ಜೊಲ್ಲು ಹಗ್ಗದಂತೆ ಇಳಿಯುತ್ತಿತ್ತು. ಎರಡು ದಿನದಿಂದ ಮೇವು ಮುಟ್ಟಿಲ್ಲ, ನೀರು ಇಳಿಯುತ್ತಿಲ್ಲ. ಇಂಥ ಲಕ್ಷಣ ಕಂಡಾಗ ಇಲ್ಲಿಯವರು ಮೊದಲು ನೆನೆಯುವುದು ಕಣಕಿಯನ್ನು, ಅಂದರೆ ಜೋಳದ ದಂಟಿನ ತುಂಡನ್ನು. ಅದನ್ನು ತೆಗೆಯಲು ಬರಿಗೈಯನ್ನೇ ಹಾಕುತ್ತಾರೆ. ನನಗೂ ಆಗ ಹಾಗೇ ಕಂಡಿತು. ಕೈ ಹೊರಬರುವಾಗ ಎಮ್ಮೆ ದವಡೆ ಬಿಗಿಹಿಡಿಯಿತು. ಆಕೆ "ಹಾಂ ಹಾಂ, ಬಿಡವ್ವ" ಎಂದು ಮಗುವಿಗೆ ಹೇಳುವಂತೆ ಹೇಳಿ ಬಿಡಿಸಿಕೊಂಡಳು. ಮುಂಗೈ ಮೇಲೆ ಗೀರು ಬಿದ್ದು ಸಣ್ಣಗೆ ರಕ್ತ ಬಂದಿತ್ತು. ಸೆರಗಿನಿಂದ ಒರೆಸಿಕೊಂಡಳು.

ಆಕೆಯ ಹೆಸರು ಶಾಂತಾಬಾಯಿ. ಉಟಗಿಯವಳೇ. ದನ, ಕುರಿಗಳಿಗೆ ಜಂತಿನ ಔಷಧಿ ಹಾಕುವುದು, ಹೆರಿಗೆ ಮಾಡಿಸುವುದು, ಗಾಯ ತೊಳೆಯುವುದು ಆಕೆಯ ಕೆಲಸ. ನಾನು ಮದ್ದೂರಿನ ಕಡೆಯವಳು. ಪಶುವೈದ್ಯಕೀಯ ಓದಿ, ಖಾಸಗಿ ಡೇರಿಯೊಂದರ ಕೆಲಸಕ್ಕೆಂದು ಉಟಗಿಗೆ ಹತ್ತಿರದ, ಗಡಿಯಾಚೆಯ ಉಮದಿಗೆ ಬಂದು ಆಗ ಇನ್ನೂ ತಿಂಗಳು. ಸಾಂಗ್ಲಿ ಜಿಲ್ಲೆ ಎಂದಾಕ್ಷಣ ಮನೆಯವರೆಲ್ಲ ಮರಾಠಿ ಕಲಿ ಎಂದಿದ್ದರು. ಬಸ್ಸಿಳಿದು ನೋಡಿದರೆ ಅಂಗಡಿಯ ಬೋರ್ಡುಗಳೆಲ್ಲ ಮರಾಠಿ, ಅವುಗಳ ಕೆಳಗೆ ನಿಂತವರ ಮಾತೆಲ್ಲ ಕನ್ನಡ. ಆ ಕನ್ನಡವೂ ನನಗೆ ಅರ್ಧ ತಿಳಿಯಲಿಲ್ಲ. ನನ್ನದು ಅವರಿಗೆ ತಮಾಷೆ. ನಾನು ಬಾಡಿಗೆಗಿದ್ದ ಮನೆಯ ಒಡತಿ ನೀಲವ್ವ, "ನೀವ್ ಬಾತ್ಮಿ ಓದಿದಂಗ ಮಾತಾಡ್ತೀರಲ್ರಿ" ಎಂದು ನಕ್ಕಿದ್ದರು. ಬಾತ್ಮಿ ಎಂದರೆ ವಾರ್ತೆ. ನಮ್ಮಲ್ಲಿ ಊರೆಂದರೆ ಒಂದಕ್ಕೊಂದು ಗೋಡೆ ಅಂಟಿದ ಮನೆಗಳ ಬೀದಿ. ಇಲ್ಲಿ ಬಹಳ ಜನ ಹೊಲದಲ್ಲೇ ಮನೆ ಮಾಡಿಕೊಂಡು ಇರುತ್ತಾರೆ. ಅದಕ್ಕೆ ವಸ್ತಿ ಎನ್ನುತ್ತಾರೆ. ಒಂದು ವಸ್ತಿಯಿಂದ ಇನ್ನೊಂದಕ್ಕೆ ಕೂಗಿದರೆ ಕೇಳಿಸದು. ಹೀಗಾಗಿ ಇಲ್ಲಿ ಸುದ್ದಿ ನಡೆಯುವುದು ಫೋನಿನಲ್ಲಿ.

ನಮ್ಮ ಕೆಲಸದವರಿಗೂ ಒಂದು ವಾಟ್ಸಪ್ ಗ್ರೂಪ್ ಇತ್ತು. ಗಡಿಯ ಎರಡೂ ಬದಿಯ ಪಶುವೈದ್ಯರು, ಕಂಪೌಂಡರುಗಳು, ಶಾಂತಾಬಾಯಿಯಂಥವರು ಅದರಲ್ಲಿ ಸದಸ್ಯರು. ಆಚೆಯ ಊರಲ್ಲಿ ಕಾಲುಬಾಯಿ ಜ್ವರ ಕಾಣಿಸಿದರೆ ಈಚೆಗೆ ಸರಕಾರದ ಕಾಗದ ಬರುವ ಮೊದಲೇ ಗ್ರೂಪಿನಲ್ಲಿ ಗೊತ್ತಾಗುತ್ತಿತ್ತು. ಹೊಸಬಳಾದ ನಾನು ಸಂಜೆ ರೂಮಿಗೆ ಬಂದು ಅದನ್ನೇ ಓದುತ್ತ ಕೂರುತ್ತಿದ್ದೆ. ಯಾರದೋ ಆಕಳ ಕೆಚ್ಚಲಿನ ಫೋಟೋ ನೋಡುತ್ತ ರಾಗಿಮುದ್ದೆಯ ನೆನಪನ್ನು ಮರೆಯುವುದು ವಿಚಿತ್ರವೇ, ಆದರೆ ಹಾಗೆ ಮರೆತದ್ದುಂಟು.

ಗ್ರೂಪನ್ನು ನಡೆಸುತ್ತಿದ್ದವರು ಉಮದಿಯ ಹಿರಿಯ ವೈದ್ಯ ಬಿರಾದಾರರು. ಒಳ್ಳೆಯ ಮನುಷ್ಯ, ಸಿಟ್ಟು ಸ್ವಲ್ಪ ಜಾಸ್ತಿ. ಅದೇ ಮಂಗಳವಾರ ಬೆಳಿಗ್ಗೆ ಅವರು ಹಾಕಿದ್ದರು: "ಮಾತಾಡಲಾರದ ಮಂದಿ ಭಾಳ ಆಗ್ಯಾರ. ಇರಬೇಕಂತ ಇದ್ದವರು ಸಂಜಿ ಒಳಗ ಒಂದು ಹೂಂ ಅನ್ರಿ. ಉಳಿದವರನ್ನ ತಗೀತೀನಿ." ಅವರಿಗೆ ಕಾರಣವಿತ್ತು. ದನದ ದಲಾಲಿಯೊಬ್ಬ ಬಾಯಿ ಬಿಡದೆ ಒಳಗೆ ಕೂತು, ಯಾರ ಮನೆಯ ಆಕಳಿಗೆ ಕಾಯಿಲೆ ಎಂದು ಫೋಟೋ ನೋಡಿ, ಮರುದಿನ ಅವರ ಬಾಗಿಲಿಗೆ ಹೋಗಿ ಅರ್ಧ ಬೆಲೆಗೆ ಕೇಳುತ್ತಿದ್ದ. ಅವನು ಯಾವ ನಂಬರಿನಲ್ಲಿ ಒಳಗಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ. ಕಾಯಿಲೆಯವರ ಗುಟ್ಟು ಕಾಯುವುದು ವೈದ್ಯನ ಧರ್ಮ. ಬಿರಾದಾರರ ಮಾತು ನನಗೂ ಸರಿ ಎನಿಸಿ "ಹೂಂ" ಎಂದು ಹಾಕಿದ್ದೆ.

ಸಂಜೆ ಅವರು ಹೇಳಿದಂತೆ ಮಾಡಿದರು. ಒಂದರ ಕೆಳಗೊಂದು ಹೆಸರುಗಳು ಹೋದವು. ಬಸ್ಸಿನಿಂದ ಜನ ಇಳಿದಂತೆ.

ಬುಧವಾರ ಎಮ್ಮೆಯ ಮನೆಯವರು ಫೋನ್ ಮಾಡಿದರು. ನಾನು ಹೋಗುವಷ್ಟರಲ್ಲಿ ಅದು ಕೊಂಬನ್ನು ಗೋಡೆಗೆ ಬಡಿದುಕೊಳ್ಳುತ್ತಿತ್ತು. ಅದರ ಕೂಗು ಒಡೆದಿತ್ತು. ಎಮ್ಮೆಯ ಕೂಗಲ್ಲ, ಗಂಟಲು ಹರಿದ ಮನುಷ್ಯ ಯಾರನ್ನೋ ಕರೆಯುವಂಥ ಸದ್ದು. ಆ ಸದ್ದು ಕೇಳಿದ ಕ್ಷಣ ಬಾಗಿಲ ಬಳಿ ನಿಂತವರನ್ನೆಲ್ಲ ಹಿಂದೆ ಸರಿಸಿದೆ. ಕಾಲೇಜಿನಲ್ಲಿ ಓದಿದ್ದೆ: ರೇಬೀಸ್ ಬಂದ ಎಮ್ಮೆ ಗಂಟಲಲ್ಲಿ ಏನೋ ಸಿಕ್ಕಂತೆ ಕಾಣುತ್ತದೆ, ಜನ ಕೈ ಹಾಕುತ್ತಾರೆ. ನಾಯಿ ಏನಾದರೂ ಬಂದಿತ್ತೇ ಎಂದು ಮನೆಯಾಕೆಯನ್ನು ಕೇಳಿದೆ. ಹೌದು, ಹಿಂದೆ ಒಂದು ಬೀದಿನಾಯಿ ಗೋಠಾಕ್ಕೆ ನುಗ್ಗಿತ್ತು, ಬಡಿದು ಓಡಿಸಿದ್ದೆವು ಎಂದಳು.

ಮನೆಯವರನ್ನೆಲ್ಲ ದವಾಖಾನೆಗೆ ಹೊರಡಿಸಿ, ಅಲ್ಲೇ ಬೇವಿನ ಮರದ ಕೆಳಗೆ ನಿಂತು ಗ್ರೂಪಿಗೆ ಬರೆದೆ: ಈ ಎಮ್ಮೆಗೆ ಹುಚ್ಚುನಾಯಿ ರೋಗದ ಸಂಶಯವಿದೆ, ಬಾಯಿಗೆ ಕೈ ಹಾಕಿದವರು ತಡಮಾಡದೆ ಲಸಿಕೆ ಹಾಕಿಸಿಕೊಳ್ಳಿ. ಹೆಬ್ಬೆರಳುಗಳು ಸಾಲಾಗಿ ಬಂದವು. ಶಾಂತಾಬಾಯಿ ಒಮ್ಮೆಯೂ ಹೆಬ್ಬೆರಳು ಒತ್ತಿದವಳಲ್ಲ, ಆದರೆ ಎಲ್ಲವನ್ನೂ ಓದುತ್ತಾಳೆಂದು ಎಲ್ಲರಿಗೂ ಗೊತ್ತಿತ್ತು. ಯಾರು ಯಾರು ಓದಿದ್ದಾರೆಂದು ನೋಡಿದೆ. ಆಕೆಯ ಹೆಸರಿಲ್ಲ. ಮೇಲಕ್ಕೆ ಸರಿಸುತ್ತ ಹೋದೆ. ನಿನ್ನೆ ಸಂಜೆ ಇಳಿಸಿದವರ ನಡುವೆ ಸಿಕ್ಕಳು.

ಕರೆ ಮಾಡಿದೆ, ಫೋನ್ ಬಂದ್. ಬಿರಾದಾರರಿಗೆ ಹೇಳಿದೆ. ಅವರು "ಅಲ್ಲೇ ನಿಂದರ್ರಿ, ಗಾಡಿ ತಗೊಂಡ್ ಬರ್ತೀನಿ" ಎಂದರು.

ಆಕೆಯ ಮನೆಗೆ ಹೋದಾಗ ಗಂಡ ಬಾಗಿಲಿಗೆ ಅಡ್ಡ ನಿಂತ. "ತಂಗಿ ಮನಿಗೆ ಹೋಗ್ಯಾಳ್ರಿ."

"ಯಾವ ಊರು?"

"ಅದ್ಯಾಕ್ರಿ ನಿಮಗ? ಎಮ್ಮಿ ಕೆಟ್ರ ನಮ್ಮ ಮ್ಯಾಲ ಹಾಕಾಕ ಬಂದೀರೇನು? ನಿನ್ನಿನ ತಗದ್ರಲ್ಲ ಆಕಿನ್ನ. ಮುಗೀತಲ್ಲ. ಊಟಾ ಸುದ್ದಾ ಮಾಡ್ಲಿಲ್ಲ, ನಸಿಕಿನ್ಯಾಗ ಎದ್ದು ಗಾಡಿ ಹತ್ಯಾಳ."

ಆಗ ನಮಗೆ ಅರ್ಥವಾಯಿತು. ಎಮ್ಮೆಗೆ ಹೆಚ್ಚಾಯಿತೆಂಬ ಸುದ್ದಿ ಮತ್ತು ಗ್ರೂಪಿನಿಂದ ತೆಗೆದ ಸುದ್ದಿ, ಎರಡೂ ಆಕೆಗೆ ಒಂದೇ ಸಂಜೆ ತಲುಪಿದ್ದವು. ತಾನು ಕೈ ಹಾಕಿ ಕೆಡಿಸಿದೆ, ಅದಕ್ಕೇ ಸಾಹೇಬರೆಲ್ಲ ಕೂಡಿ ತನ್ನನ್ನು ಕೆಲಸದಿಂದ ಹೊರಹಾಕಿದರು ಎಂದುಕೊಂಡಿದ್ದಳು. ನಾನು ರೋಗದ ಹೆಸರು ಹೇಳಿದೆ. ಗಂಡ ಹೊಸ್ತಿಲ ಮೇಲೆ ಕೂತುಬಿಟ್ಟ. ಕೂತಲ್ಲಿಂದಲೇ ಊರಿನ ಹೆಸರು ಹೇಳಿದ, ಮಂಗಳವೇಢೆಯ ಕಡೆಯ ಒಂದು ವಸ್ತಿ. ತಾನೂ ಗಾಡಿ ಹತ್ತಿದ.

ದಾರಿಯುದ್ದಕ್ಕೂ ಬಿರಾದಾರರು ಎರಡೇ ಮಾತಾಡಿದರು. ಒಂದು, "ಆ ದಲಾಲಿ ಸಲುವಾಗಿ ತಗದೆ." ಸುಮಾರು ಹೊತ್ತಿನ ನಂತರ ಇನ್ನೊಂದು: "ಅಂವ ಹೂಂ ಅಂದಿರಬೇಕ್ರಿ. ಇನ್ನೂ ಒಳಗ ಅದಾನ."

ಶಾಂತಾಬಾಯಿ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ನಮ್ಮನ್ನು ಕಂಡು ಎದ್ದು ಸೆರಗು ಹೊದ್ದಳು. "ಬರ್ರಿ ಬಾಯಾರ, ಕುಂದ್ರಿ" ಎಂದಳು. ಬಿರಾದಾರರ ಕಡೆ ನೋಡಲಿಲ್ಲ.

"ಶಾಂತಾ, ಕೈ ತೋರ್ಸು," ಎಂದರು ಅವರು.

"ಎಮ್ಮಿ ಕೆಡ್ತಂತ ತಗದ್ರಿ. ಈಗ ಕೈಯೂ ತಗೀತೀರೇನ್ರಿ ಸಾಹೇಬ್ರ?"

"ಏ, ಅದಕ್ಕಲ್ಲವ್ವ. ನೀ ಮಾತಾಡ್ಲಿಲ್ಲಂತ ತಗದೆ."

"ಮಾತಾಡ್ಲಿಲ್ಲಂತ?" ಆಕೆ ಮೊದಲ ಸಲ ಅವರನ್ನು ನೇರ ನೋಡಿದಳು. "ಅಷ್ಟ್ ಮಂದಿ ಸಾಹೇಬ್ರು ಕುಂತು ಮಾತಾಡು ಜಾಗಾದಾಗ ನಾ ಏನಂತ ಬಾಯಿ ಹಾಕ್ಲ್ರಿ? ಮುಂಜಾನಿ ಹೂವಿನ ಚಿತ್ರಾ ಕಳಿಸಬೇಕಿತ್ತೇನು? ಹೂಂ ಅಂತ ಬರದಿದ್ದೆ. ಬರದು ಅಳಿಸಿದೆ."

ತಂಗಿ ಒಳಗಿನಿಂದ ಕೂಗಿದಳು: "ಮನ್ಯಾಗ ನಮ್ಮ ತಲಿ ತಿಂತಾಳ್ರಿ ಮಾತಾಡಿ ಮಾತಾಡಿ! ನಿಮ್ಮಲ್ಲಿ ಮೂಕಿ ಆಗಿದ್ಲೇನು?"

ನಗು ಬಂತು, ಯಾರೂ ನಗಲಿಲ್ಲ. ನಾನು ಆಕೆಯ ಕೈ ಹಿಡಿದೆ. ಗೀರಿನ ಮೇಲೆ ಅರಿಶಿನ ಮೆತ್ತಿತ್ತು. ಎಮ್ಮೆಗೆ ಏನಾಗಿದೆ ಎಂದು ಹೇಳಿದೆ. ಆಕೆ ತನ್ನ ಕೈಯನ್ನು ನನ್ನಿಂದ ಬಿಡಿಸಿಕೊಂಡು, ಅದು ಬೇರೆ ಯಾರದೋ ಎಂಬಂತೆ ನೋಡಿದಳು.

"ಬಾಯಾರ, ನಿನ್ನಿ ಇದ ಕೈಲೆ ಮಮ್ಮಗಳಿಗೆ ತುತ್ತು ಮಾಡಿ ಉಣಿಸೀನ್ರಿ."

ತೊಳೆದ ಕೈ, ಅದರಿಂದ ಮಗುವಿಗೆ ಏನೂ ಆಗದು ಎಂದೆ. ಮೂರು ಸಲ ಹೇಳಿದೆ. ಅಲ್ಲೇ ಸೋಪು ಹಚ್ಚಿ ಆಕೆಯ ಕೈಯನ್ನು ಹರಿಯುವ ನೀರಿನಲ್ಲಿ ತೊಳೆಯುತ್ತ ನಿಂತೆ. ಆಮೇಲೆ ಹತ್ತಿರದ ದೊಡ್ಡ ದವಾಖಾನೆ. ಗೀರಿನ ಸುತ್ತ ಚುಚ್ಚುವಾಗ ಆಕೆ ಕಣ್ಣು ಮುಚ್ಚಲಿಲ್ಲ. ಬಿರಾದಾರರು ಹೊರಗೆ ಗೋಡೆಗೆ ಮುಖ ಮಾಡಿ ನಿಂತಿದ್ದರು.

ಮರುದಿನ ಎಮ್ಮೆ ಸತ್ತಿತು. ಅದರ ಮಿದುಳನ್ನು ಪರೀಕ್ಷೆಗೆ ಕಳಿಸುವ ವ್ಯವಸ್ಥೆ ಆಗಲಿಲ್ಲ. ಹಾಗಾಗಿ ಅದು ರೇಬೀಸೇ ಎಂದು ಇಂದಿಗೂ ಖಚಿತವಾಗಿ ಹೇಳಲಾರೆ. ಅಲ್ಲ ಎಂದೂ ಹೇಳಲಾರೆ. ನನಗೆ ಕಾಲೇಜಿನಲ್ಲೇ ಲಸಿಕೆ ಹಾಕಿದ್ದರು, ಮತ್ತೆ ಹಾಕಿಸಿಕೊಂಡೆ. ಆಕೆಯ ಮೈಗೆ ಮೊದಲ ಮದ್ದು ಬಿದ್ದದ್ದು ಗಾಯವಾದ ಮರುದಿನ. ಸಾಕಷ್ಟು ಬೇಗ ಎಂದು ಪುಸ್ತಕ ಹೇಳುತ್ತದೆ. ಪುಸ್ತಕ ಗೊತ್ತಿದ್ದವಳಿಗೆ ನಿದ್ದೆ ಬರಬೇಕು. ನನಗೆ ಬರಲಿಲ್ಲ. ಕಣ್ಣು ಮುಚ್ಚಿದರೆ ಆ ಒಡೆದ ಕೂಗು. ಆಕೆ ತಂಗಿಯ ಊರಿನಿಂದಲೂ ಮುಂದೆ ಕಬ್ಬು ಕಡಿಯಲು ಹೋಗಿದ್ದರೆ? ಗಂಡ ಊರಿನ ಹೆಸರು ಹೇಳದಿದ್ದರೆ?

ಬಿರಾದಾರರು ತೆಗೆದವರೆಲ್ಲರಿಗೂ ಒಬ್ಬೊಬ್ಬರಾಗಿ ಫೋನ್ ಮಾಡಿದರು. ಬಹುತೇಕರು ಮರಳಿದರು. ಕೆಲವರ ನಂಬರು ನಿಜಕ್ಕೂ ಬೇರೆಯವರ ಕೈಗೆ ಹೋಗಿತ್ತು, ಅವರನ್ನು ಬಿಟ್ಟದ್ದು ಸರಿಯೇ. ಈಗ ಗ್ರೂಪಿನಲ್ಲಿ ಆಗಾಗ ಚರ್ಚೆ ಏಳುತ್ತದೆ. ಒಬ್ಬ ತರುಣ ವೈದ್ಯ, ಕೆಲಸಕ್ಕೆ ಬಾರದವರನ್ನು ಯಾಕೆ ಇಟ್ಟುಕೊಳ್ಳಬೇಕು ಎನ್ನುತ್ತಾನೆ. ಯಾರು ಯಾರೆಂದು ತಿಳಿಯದ ಗ್ರೂಪು ಅಪಾಯವೇ, ಒಪ್ಪುತ್ತೇನೆ. ತಿಳಿಯಬೇಕಾದರೆ ಒಬ್ಬೊಬ್ಬರನ್ನೂ ಕರೆದು ಕೇಳಬೇಕು. ಹೂಂ ಅನ್ನದ್ದನ್ನೇ ಗೈರುಹಾಜರಿ ಎಂದು ಬರೆದುಕೊಳ್ಳುವುದು, ಮಾತಾಡಿ ಅಭ್ಯಾಸವಿರುವ ನಮ್ಮಂಥವರ ಲೆಕ್ಕ. ನನ್ನ ಕಾಲೇಜಿನ ಗೆಳತಿಯರ ಗ್ರೂಪಿನಲ್ಲಿ ನಾನೂ ವರ್ಷದಿಂದ ಒಂದಕ್ಷರ ಬರೆದಿಲ್ಲ. ಅವರ ಮದುವೆ, ಮಗು, ವರ್ಗಾವಣೆ ಎಲ್ಲವನ್ನೂ ಓದುತ್ತೇನೆ. ಯಾರಾದರೂ ನನ್ನನ್ನು ತೆಗೆದರೆ ಮದ್ದೂರಿಗೆ ಹೋಗುವ ಒಂದು ದಾರಿ ಮುಚ್ಚಿದಂತೆ.

ಶಾಂತಾಬಾಯಿ ಮಾತ್ರ ಮರಳಲಿಲ್ಲ. "ಬ್ಯಾಡ್ರಿ ಸಾಹೇಬ್ರ. ಮತ್ತ ಯಾವಾಗರ ತಗದ್ರ ಎದಿ ಧಸಕ್ಕಂತೈತಿ. ಏನರ ಇದ್ರ ಫೋನ್ ಹಚ್ರಿ" ಎಂದಳು. ಅಂದಿನಿಂದ ರೋಗದ ಸುದ್ದಿ ಬಂದಾಗಲೆಲ್ಲ ಬಿರಾದಾರರು ಆಕೆಗೆ ಬೇರೆಯಾಗಿ ಫೋನ್ ಮಾಡುತ್ತಾರೆ. ಆದರೆ ಆಕೆ ದನ ಮುಟ್ಟುವುದನ್ನೇ ಬಿಟ್ಟಿದ್ದಳು.

ನಾನು ಏನಾದರೂ ನೆಪ ಮಾಡಿಕೊಂಡು ಉಟಗಿಗೆ ಹೋಗುತ್ತಿದ್ದೆ. ಚಹಾ ಕುಡಿಯುವುದು, ಆಕೆ ಕುಡಿಯುವುದನ್ನು ನೋಡುವುದು. ಒಂದು ದಿನ ಆಕೆ ಲೋಟ ಕೆಳಗಿಟ್ಟಳು.

"ಬಾಯಾರ, ನಾ ನೀರ್ ಕುಡೀತೀನೋ ಇಲ್ಲೋ ನೋಡಾಕ ಬರ್ತೀರಿ, ಹೌದಿಲ್ರಿ?"

ಹುಚ್ಚುನಾಯಿ ರೋಗ ಹತ್ತಿದವರು ನೀರಿಗೆ ಹೆದರುತ್ತಾರೆ ಎಂಬುದು ಆಕೆಗೂ ಗೊತ್ತಿತ್ತು. ಆಕೆ ಒಳಗೆ ಹೋಗಿ ತುಂಬಿದ ತಂಬಿಗೆ ತಂದು, ನನ್ನ ಎದುರೇ ನಿಂತು, ಗಟಗಟನೆ ಪೂರ್ತಿ ಕುಡಿದು, ಬಾಯಿ ಒರೆಸಿಕೊಂಡಳು. "ಆತಿಲ್ರಿ? ಇನ್ ನೀವ್ ಉಣ್ರಿ. ಭಾಳ ಸೊರಗೀರಿ."

ರಜೆ ಹಾಕಿ ಮದ್ದೂರಿಗೆ ಹೋದೆ. ನಾಲೆಯ ನೀರು, ಗದ್ದೆಯ ಹಸಿರು, ಅವ್ವನ ಮುದ್ದೆ ಎಲ್ಲ ಇತ್ತು. ನಿದ್ದೆ ಅಲ್ಲೂ ಇರಲಿಲ್ಲ. "ಬಂದ್ಬುಡು ಮಗ, ಇಲ್ಲೇ ಎಲ್ಲಾದ್ರೂ ಕೆಲ್ಸ ನೋಡ್ಕೊ" ಎಂದಳು ಅವ್ವ. ಹೂಂ ಎಂದೆ. ಪಕ್ಕದ ಮನೆಯವರು ಬಂದಾಗ ಯೋಚಿಸದೆ "ಬರ್ರಿ, ಕುಂದ್ರಿ" ಎಂದುಬಿಟ್ಟೆ. ಅವರು ನಕ್ಕರು. ಅವ್ವ ನಗಲಿಲ್ಲ.

ವಾಪಸು ಬಂದು ಜೋಳದ ರಾಶಿ ಮುಗಿದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಶಾಂತಾಬಾಯಿಯ ಫೋನ್ ಬಂತು. ಆಕೆಯಾಗಿ ಮಾಡಿದ್ದು ಅದೇ ಮೊದಲು.

"ಬಾಯಾರ, ಲಗೂನ ಬರ್ರಿ. ಆಡು ಈಯಾಕ ಹತ್ತೈತಿ, ಮರಿ ಅಡ್ಡ ಬಂದೈತಿ. ನಾ ಕೈ ಹಾಕೀನಿ. ಕಾಲು ಸಿಕ್ಕೈತಿ, ತಲಿ ಸಿಗವಲ್ದು."

ನಾನು ತಲುಪುವಷ್ಟರಲ್ಲಿ ತಲೆಯೂ ಸಿಕ್ಕಿತ್ತು. ಮರಿ ಒದ್ದೆಯಾಗಿ ನೆಲದ ಮೇಲಿತ್ತು, ಆಡು ಅದನ್ನು ನೆಕ್ಕುತ್ತಿತ್ತು. ಶಾಂತಾಬಾಯಿ ಮೊಳಕೈವರೆಗಿನ ಕೈಗವಸು ಕಳಚುತ್ತ, "ಇದನ್ನ ಹಾಕ್ಕೊಂಡ್ರ ಕೈಗೆ ಏನೂ ತಿಳಿಯಂಗಿಲ್ಲ ನೋಡ್ರಿ" ಎಂದು ಬೈಯುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, "ತಡಾ ಮಾಡಿದ್ರಿ," ಎಂದಳು, ಸಹೋದ್ಯೋಗಿಗೆ ಹೇಳುವಂತೆ.

ಆ ದಿನ ಆಕೆಯ ಮನೆಯಲ್ಲೇ ರೊಟ್ಟಿ ಉಂಡು ಉಮದಿಗೆ ಮರಳಿದೆ. ಕತ್ತಲಾದಾಗ ಮಲಗಿದವಳು ಎದ್ದಾಗ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು, ನೀಲವ್ವ ಬಾಗಿಲು ಬಡಿಯುತ್ತಿದ್ದರು. ಫೋನಿನಲ್ಲಿ ಅವ್ವನ ಕರೆಗಳು ಕಾದಿದ್ದವು. ತಿರುಗಿ ಮಾಡಿದೆ.

"ಎಲ್ಲೋಗಿದ್ದೆ ಮಗ? ರಾತ್ರಿಯಿಂದ ಮಾಡ್ತಾವ್ನಿ."

"ಎಲ್ಲೂ ಇಲ್ಲವ್ವ. ಮನೇಲೇ ಇದ್ದೆ. ಚೆನ್ನಾಗಿ ನಿದ್ದೆ ಬಂದ್ಬಿಟ್ಟಿತ್ತು."

ಅವ್ವ ಕೇಳಿದಳು: "ಯಾವ ಮನೇಲಿ?"