ಅಕ್ಕನ ಬಾವಿಗೆ ಹೋದ ಮೀನು

ಮದುವೆಯಾದರೆ ಏನಾದೀತೋ ಎಂಬ ಚಿಂತೆಯಲ್ಲೇ ಮದುವೆಯ ವಯಸ್ಸು ಕಳೆದವನು ನಾನು. ಕಾರವಾರದ ಬಾಡಿಗೆ ಮನೆಯಲ್ಲಿ ಒಬ್ಬನೇ ಇರುತ್ತೇನೆ. ಮೀನು ಈಜುವುದನ್ನು ನೋಡುತ್ತ ಕುಳಿತರೆ ಬಿ.ಪಿ. ಇಳಿಯುತ್ತದೆಂದು ಯಾರೋ ಹೇಳಿದ್ದನ್ನು ನಂಬಿ, ಒಂದು ಚಳಿಗಾಲದಲ್ಲಿ ಗಾಜಿನ ತೊಟ್ಟಿ ತಂದೆ. ಅಂಗಡಿಯವನು ವೈಟ್ ಕ್ಲೌಡ್ ಎಂಬ ಮೀನುಗಳನ್ನು ಕೊಟ್ಟ. ಬೆರಳಿನ ಗೆಣ್ಣಿನಷ್ಟು ಉದ್ದ, ಮೈಮೇಲೊಂದು ಹೊಳೆಯುವ ಗೆರೆ, ಬಾಲದಲ್ಲಿ ಕೆಂಪು. ಗುಂಪಾಗಿಯೇ ಇರಬೇಕು, ಒಂಟಿಯಾದರೆ ಹೆದರಿ ಊಟ ಬಿಡುತ್ತವೆ ಎಂದ. ತಣ್ಣೀರಿನ ಮೀನು ಎಂಬುದನ್ನು ಮಾತ್ರ ಹೇಳಲಿಲ್ಲ. ಹೇಳಿದರೆ ಈ ಆಸಾಮಿ ಕೊಳ್ಳುವುದಿಲ್ಲವೆಂದು ನನ್ನ ಮುಖ ನೋಡಿಯೇ ಗೊತ್ತಾಗಿರಬೇಕು.

ಮನೆಗೆ ಮೀನು ತರುವ ಹೆಂಗಸು ಬಾಗಿಲಲ್ಲಿ ಬುಟ್ಟಿ ಇಳಿಸಿ ಇಣುಕಿದಳು.

“ಸಾಯ್ಬ್ರೇ, ಇದ್ನ ಯಾವಾಗ ತಿನ್ನುದು?”

“ತಿನ್ನೂಕಲ್ಲ, ನೋಡೂಕೆ.”

“ನೋಡೂಕೆ ನನ್ ಬುಟ್ಟಿ ಸಾಕಾಗ್ಲಿಲ್ವಾ?”

ಅವಳಿಂದ ಕೊಂಡ ಬಂಗಡೆ ಹುರಿಯುವಾಗ ತೊಟ್ಟಿಗೆ ಟವೆಲ್ ಹೊದಿಸುತ್ತಿದ್ದೆ. ಅವಕ್ಕೇನೂ ತಿಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೂ, ಅಕಸ್ಮಾತ್ ತಿಳಿದರೆ?

ಸೆಕೆಗಾಲ ಶುರುವಾದದ್ದೇ ತೊಟ್ಟಿಯ ನೀರು ಬೆಚ್ಚಗಾಯಿತು. ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ ತೇಲಿಬಿಟ್ಟೆ. ಕರೆಂಟು ಹೋದರೆ ಫ್ರಿಜ್ಜೂ ಇಲ್ಲ, ಫ್ಯಾನೂ ಇಲ್ಲ. ನಾನು ಬೀಸಣಿಗೆಯಿಂದ ಮೊದಲು ನೀರಿಗೆ, ಆಮೇಲೆ ನನಗೆ ಗಾಳಿ ಹಾಕಿಕೊಳ್ಳುತ್ತಿದ್ದೆ. ಆದರೂ ಒಂದೊಂದಾಗಿ ಮೇಲೆ ತೇಲಿದವು. ಕೊನೆಗೆ ಉಳಿದದ್ದು ಒಂದೇ.

ಅದು ಕಲ್ಲಿನ ಹಿಂದೆ ಸೇರಿಕೊಂಡಿತು. ಹಾಕಿದ ಆಹಾರ ತಳದಲ್ಲಿ ಕೊಳೆಯಿತು. ಗುಂಪಿದೆಯೆಂದು ನಂಬಲಿ ಅಂತ ನನ್ನ ಗಡ್ಡ ಕೆರೆಯುವ ಕನ್ನಡಿಯನ್ನು ಗಾಜಿಗೆ ಒರಗಿಸಿಟ್ಟೆ. ಮೀನು ಹೊರಗೆ ಬಂದು, ಕನ್ನಡಿಯ ಮೀನಿನ ಪಕ್ಕ ನಿಂತಿತು. ನನಗೆ ಎಷ್ಟು ಖುಷಿಯಾಯಿತೆಂದರೆ, ಕನ್ನಡಿಯಿಲ್ಲದೆ ಗಡ್ಡ ಕೆರೆದು ಗಲ್ಲದ ಮೇಲೆ ಗಾಯ ಮಾಡಿಕೊಂಡು ಆಫೀಸಿಗೆ ಹೋದೆ. ಆದರೆ ಅದು ಉಣ್ಣಲಿಲ್ಲ. ಅಂಗಡಿಯಲ್ಲಿ ಜೊತೆಗೆ ಇನ್ನಷ್ಟು ಮೀನು ಕೇಳಿದರೆ, ಆ ಜಾತಿ ಬರುವುದು ಇನ್ನು ಮಳೆ ಬಿದ್ದ ಮೇಲೆಯೇ ಎಂದರು.

ಅವರ್ಸಾದಲ್ಲಿರುವ ಅಕ್ಕನಿಗೆ ಫೋನಿನಲ್ಲಿ ಹೇಳಿಕೊಂಡೆ.

“ನಮ್ ಬಾವಿಗೆ ತಂದ್ ಬಿಡೋ. ನೀರು ಥಂಡಿ ಅದೆ, ಸೊಳ್ಳೆಮರಿ ತಿನ್ಲಿ ಅಂತ ಬಿಟ್ಟ ಗಪ್ಪಿ ಮೀನು ರಾಶಿ ಅವೆ.”

“ಅವು ಇದನ್ನ ಸೇರಿಸ್ಕೊಳ್ದೇ ಹೋದ್ರೆ?”

“ನಿನ್ ಹಂಗೆ ಕೂತ್ಕಂಡು ವಿಚಾರ ಮಾಡೂಕೆ ಅವ್ಕೆ ಪುರಸೊತ್ತಿಲ್ಲ.”

ಎರಡು ದಿನ ವಿಚಾರ ಮಾಡಿದೆ. ಕೊಟ್ಟರೆ ಮನೆಯಲ್ಲಿ ಉಸಿರಾಡುವುದು ನಾನೊಬ್ಬನೇ. ಕೊಡದಿದ್ದರೂ ವಾರದೊಳಗೆ ಅದೇ ಗತಿ. ಭಾನುವಾರ ಸ್ಟೀಲ್ ಡಬ್ಬಿಯಲ್ಲಿ ಮೀನು ಹಾಕಿ, ಒದ್ದೆ ಬಟ್ಟೆ ಸುತ್ತಿ, ಅವರ್ಸಾದ ಮೇಲೆ ಹೋಗುವ ಅಂಕೋಲೆಯ ಬಸ್ಸು ಹತ್ತಿದೆ.

“ಮೀನಾ? ವಾಸ್ನೆ ಬರ್ತದೆ, ಕೆಳಗಿಡಿ,” ಎಂದ ಕಂಡಕ್ಟರ್.

“ಜೀವ ಇದೆ ಮಾರಾಯ್ರೇ.”

“ಹಂಗಾದ್ರೆ ಅದ್ಕೂ ಅರ್ಧ ಟಿಕೆಟ್ ತೆಗೀರಿ.”

ಅವರ್ಸಾದಲ್ಲಿ, ಮೀನಿಗೆ ಒಗ್ಗಲೆಂದು ಡಬ್ಬಿಯ ನೀರಿಗೆ ಬಾವಿಯ ನೀರನ್ನು ಚೂರುಚೂರೇ ಬೆರೆಸುತ್ತ ಕಟ್ಟೆಯ ಮೇಲೆ ಕೂತೆ. ಅಕ್ಕ ಸೊಂಟಕ್ಕೆ ಕೈಕೊಟ್ಟು ನಿಂತಳು.

“ಹೆಣ್ಣು ಒಪ್ಪಿಸ್ಕೊಡೂರೂ ಇಷ್ಟು ಹೊತ್ತು ಮಾಡುದಿಲ್ಲ.”

ಕೊನೆಗೆ ಕೊಡಪಾನದಲ್ಲಿ ಮೀನು ಹಾಕಿ, ಹಗ್ಗ ಇಳಿಸಿ ಓರೆ ಮಾಡಿದೆ. ಕೆಂಪು ಬಾಲ ಒಮ್ಮೆ ಹೊಳೆಯಿತು. ಆಮೇಲೆ ಕತ್ತಲ ನೀರು, ಅದರಲ್ಲಿ ನನ್ನ ತಲೆ.

“ಉಳಿಯೋ ಇವತ್ತು. ಏಡಿ ಸಾರು ಮಾಡ್ತೆ.”

“ಗ್ಯಾಸ್ ಬಂದ್ ಮಾಡಿದ್ನೋ ಇಲ್ವೋ ಅಂತ…”

ಅಕ್ಕ ನನ್ನನ್ನೇ ನೋಡಿದಳು. “ಹೋಗು ಹಂಗಾದ್ರೆ, ನಿನ್ ಗ್ಯಾಸಿನ ಹತ್ರ.”

ಮನೆಗೆ ಬಂದು ನೋಡಿದರೆ ಗ್ಯಾಸ್ ಬಂದ್ ಆಗಿಯೇ ಇತ್ತು. ತೊಟ್ಟಿಗೆ ಗಾಳಿ ಊದುವ ಪಂಪು ಮಾತ್ರ ಗುಳುಗುಳು ಎನ್ನುತ್ತಿತ್ತು. ನಿಲ್ಲಿಸಿದೆ, ಮನೆ ಎಷ್ಟು ಸುಮ್ಮನಾಯಿತೆಂದರೆ ಮತ್ತೆ ಹಚ್ಚಿದೆ.

ಎರಡು ದಿನ ಬಿಟ್ಟು ಅಕ್ಕನ ಫೋನು. “ಬಂತೋ ಮೇಲೆ! ಅನ್ನದ ಅಗಳು ಹಾಕಿದ್ರೆ ಗಪ್ಪಿ ಸಂಗ್ತಿಗೇ, ಗುಂಪಲ್ಲೇ ಬಂತು.”

“ಅದೇ ಹೌದಾ? ಸರೀ ನೋಡಿದ್ಯಾ?”

“ನೀನೇ ಬಂದು ನೋಡು.”

ಬರ್ತೆ ಅಂದೆ. ಹಾಗೆಂದು ಎಷ್ಟೋ ದಿನವಾಯಿತು, ಇನ್ನೂ ಹೋಗಿಲ್ಲ. ಖಾಲಿ ತೊಟ್ಟಿಯಲ್ಲಿ ಪಂಪು ನಡೆದೇ ಇದೆ. ಬಂಗಡೆ ಹುರಿಯುವಾಗ ಈಗಲೂ ಕೈ ಟವೆಲ್ಲಿಗೆ ಹೋಗುತ್ತದೆ.