ಮಸ್ಕಿಗೆ ಬಂದ ಟೈಮ್

ನನಗೆ ಇಂಗ್ಲಿಷ್ ಬರುತ್ತಿತ್ತು ಎನ್ನುವುದಕ್ಕಿಂತ ಇಂಗ್ಲಿಷಿನ ಜಂಬ ಬರುತ್ತಿತ್ತು ಎನ್ನುವುದೇ ಸರಿ. ನಿಜಾಮರ ಕಾಲ, ಮಸ್ಕಿಯ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಕೈಯಲ್ಲೊಂದು ಗಡಿಯಾರ, ಬಾಯಲ್ಲೊಂದು ಶಬ್ದ: ಟೈಮ್.

ಆ ಶಬ್ದವನ್ನು ಊರು ನನಗಿಂತ ಚೆನ್ನಾಗಿ ಬಳಸುತ್ತಿತ್ತು. ಹೊತ್ತು ಇತ್ತು, ವಖತ್ ಇತ್ತು. ಆದರೂ ಈ ಹೊಸ ನೆಂಟನಿಗೆ ಮನೆಮನೆಯಲ್ಲೂ ಚಾಪೆ ಹಾಸಿದರು. ಮಗಳಿಗೆ ವರ ಸಿಕ್ಕರೆ "ಟೈಮ್ ಚಲೋ ಐತಿ", ಕಾಲು ಜಾರಿದರೆ "ಟೈಮ್ ಕೆಟ್ಟೈತಿ", ಮುದುಕರು ಹಾಸಿಗೆ ಹಿಡಿದರೆ "ಟೈಮ್ ಬಂದೈತಿ". ನೆರೆಮನೆಯ ನೀಲಮ್ಮ ರೊಟ್ಟಿ ಬಡಿಯುತ್ತ, "ಹಿಟ್ಟಿಗೂ ಒಂದ್ ಟೈಮ್ ಇರತೈತ್ರಿ ಮಾಸ್ತರ" ಎನ್ನುತ್ತಿದ್ದರು. ನನ್ನ ಟೈಮ್ ಮಾತ್ರ ಮಣಿಕಟ್ಟಿನ ಮೇಲಷ್ಟೇ ಇತ್ತು.

ಮಧ್ಯಾಹ್ನ ಬೆಟ್ಟದ ಬಂಡೆಯ ನೆರಳಿಗೆ ಕೂತರೆ ಗಡಿಯಾರದ ಟಿಕ್ ಟಿಕ್ ಕೂಡ ಕೇಳದು. ಅಶೋಕ ಬರೆಸಿದ ಅಕ್ಷರಗಳು ಅಲ್ಲಿ ಓದುವವರಿಗಾಗಿ ಎರಡು ಸಾವಿರ ವರ್ಷ ಸುಮ್ಮನೆ ಕಾದಿದ್ದವು. ನನಗೆ ಜೊಂಪು ಹತ್ತುತ್ತಿತ್ತು. ಕಣ್ಣುಜ್ಜಿಕೊಂಡು ಶಾಲೆಗೆ ಬಂದು ಮಕ್ಕಳಿಂದ ಬರೆಸುತ್ತಿದ್ದೆ: ಟೈಮ್ ಯಾರಿಗೂ ಕಾಯುವುದಿಲ್ಲ.

ಲಿಂಗಸುಗೂರಿನಿಂದ ಸಿಂಧನೂರಿಗೆ ದಿನಕ್ಕೊಂದೇ ಮೋಟಾರು. ಯುದ್ಧದ ವರ್ಷಗಳು, ಪೆಟ್ರೋಲು ಸಿಗದೆ ಅದು ಇದ್ದಿಲಿನ ಹೊಗೆಯಲ್ಲಿ ಓಡುತ್ತಿತ್ತು. ಮೋಟಾರಿನ ಬೆನ್ನಿಗೆ ಕಟ್ಟಿದ ಒಲೆಯನ್ನು ಡ್ರೈವರ್ ಖಾದರಸಾಬ ಮಸ್ಕಿಯಲ್ಲಿ ಕೆದಕಿ, ಕಾವು ಏರಿಸಿಕೊಂಡು ಹೊರಡುತ್ತಿದ್ದ. ಒಮ್ಮೆ ತಡವಾದಾಗ ಜನರೆದುರೇ ಗಡಿಯಾರ ತೋರಿಸಿ, ಟೈಮಿನ ಮಹತ್ವದ ಮೇಲೆ ಅವನಿಗೊಂದು ಭಾಷಣ ಬಿಗಿದೆ. ಅವನು ಕೈಯ ಮಸಿ ಒರೆಸಿಕೊಳ್ಳುತ್ತ, "ಹೌದ್ರಿ ಮಾಸ್ತರ" ಎಂದ, ಅಷ್ಟೇ.

ತಿಂಗಳೊಳಗೆ ಸಿಂಧನೂರಿನಿಂದ ಬಂದ ಬಳೆಗಾರ ಸುದ್ದಿ ತಂದ: ಅಲ್ಲಿ ಅವ್ವನಿಗೆ ಜಡ್ಡು ಬಹಳ ಆಗಿದೆ, ನನ್ನ ಹೆಸರು ಹಿಡಿದು ಕರೆಯುತ್ತಿದ್ದಾಳೆ. ರಜೆ ಕೊಡಬೇಕಾದ ಹೆಡ್‌ಮಾಸ್ತರರು ಇನ್‌ಸ್ಪೆಕ್ಟರ್ ಸಾಹೇಬರನ್ನು ಎದುರುಗೊಳ್ಳಲು ಊರಾಚೆ ಹೋಗಿದ್ದರು. ಅವರನ್ನು ಹುಡುಕಿ ರಜೆ ಪಡೆಯುವಷ್ಟರಲ್ಲಿ ಮೋಟಾರಿನ ಟೈಮ್ ಮುಗಿದು ಅರ್ಧ ತಾಸಾಗಿತ್ತು. ಆದರೂ ಓಡಿದೆ.

ಮೋಟಾರು ನಿಂತೇ ಇತ್ತು. ಒಳಗಿನವರು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಖಾದರಸಾಬ ಒಲೆ ಕೆದಕುತ್ತ, "ಕಾವು ಏರವಲ್ದ್ರಿ, ನಾ ಏನ್ ಮಾಡ್ಲಿ?" ಎನ್ನುತ್ತಿದ್ದ. ನನ್ನನ್ನು ಕಂಡದ್ದೇ ಒಲೆಯ ಬಾಯಿ ಮುಚ್ಚಿದ. "ಹತ್ರಿ ಮಾಸ್ತರ, ಈಗ ಏರ್ತು."

ಮನೆ ಮುಟ್ಟಿದಾಗ ಅವ್ವ ಇನ್ನೂ ಇದ್ದಳು. ನನ್ನ ಕೈ ಸವರಿ, "ಉಂಡು ಬಂದೀಯೇನೋ?" ಎಂದಳು. ಇಲ್ಲವೆಂದೆ. ತಂಗಿಗೆ ರೊಟ್ಟಿ ಹಚ್ಚಿಕೊಡಲು ಹೇಳಿ, ನಾನು ಉಣ್ಣುವುದನ್ನೇ ನೋಡುತ್ತ ಮಲಗಿದಳು. ಹೊತ್ತು ಮುಳುಗುವಾಗ ಹೋದಳು.

ದಿನಕರ್ಮ ಮುಗಿಸಿ ಮರಳುವಾಗ ಖಾದರಸಾಬನ ಪಕ್ಕದಲ್ಲೇ ಕೂತೆ. "ಅವತ್ತು ಒಲಿಗೆ ಏನಾಗಿತ್ತು ಖಾದರಭಾಯಿ?"

"ಒಲಿಗೇನ್ ಆಗಿತ್ರಿ? ಬಳೆಗಾರ ಹೇಳಿದ್ದ, ನೀವು ಬರೋದಿತ್ತು."

ಅಂಗಿಯ ತೋಳನ್ನು ಗಡಿಯಾರದ ಮೇಲೆ ಎಳೆದುಕೊಂಡೆ.

ಶಾಲೆಗೆ ಹೋದರೆ ಮಕ್ಕಳು ಪಾಟಿಯ ಮೇಲೆ ಆಗಲೇ ಅದೇ ಸಾಲು ಬರೆದಿಟ್ಟಿದ್ದರು: ಟೈಮ್ ಯಾರಿಗೂ ಕಾಯುವುದಿಲ್ಲ. ಒರೆಸಿ ಎಂದೆ. "ಮತ್ತೇನ್ ಬರೀಬೇಕ್ರಿ ಸರ?" ಎಂದರು. ಬೆಟ್ಟದ ಕಡೆ ತಿರುಗಿ ನಿಂತುಬಿಟ್ಟೆ. ಎಷ್ಟು ಹೊತ್ತಾಯಿತೋ, ಗಡಿಯಾರ ನೋಡಲಿಲ್ಲ. ಮಕ್ಕಳು, ಪಾಪ, ಕಾದರು.